ನೀರನ್ನೂ ನಂಬದ ನಾದಿನಿ

ನನ್ನ ನಾದಿನಿ ನನ್ನನ್ನು ಮೊದಲ ಸಲ ನೋಡಲು ಬಂದದ್ದು ತೋಳು ಹರಿದ ಅಂಗಿಯೊಂದನ್ನು ಹಿಡಿದುಕೊಂಡು. ಆಗ ನಾನು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೆ. ಈಗಲೂ ಅಲ್ಲೇ ಇದ್ದೇನೆ, ಮಷಿನ್ ಮಾತ್ರ ಬದಲಾಗಿದೆ. ಅವಳ ಅಣ್ಣನಿಗೂ ನನಗೂ ಮದುವೆಯ ಮಾತು ನಡೆದಿತ್ತು. ಯಾರೆಂದು ಹೇಳದೆ ಗಿರಾಕಿಯಂತೆ ಬಂದು, "ಯಾವ ದಾರ ಹಾಕ್ತೀರಿ? ಹೊಸದಾ, ಯಾರದೋ ಉಳಿದಿದ್ದಾ?" ಎಂದು ಕೇಳಿದಳು. ನಾಳೆ ಬನ್ನಿ ಎಂದರೆ ಇಲ್ಲೇ ಕೂತಿರ್ತೀನಿ ಎಂದಳು. ಕೂತವಳು ನನ್ನ ಕತ್ತರಿ ನೋಡಿದಳು, ಸೂಜಿ ನೋಡಿದಳು, ಉಗುರು ನೋಡಿದಳು. ಹೊಲಿದು ಕೊಟ್ಟ ಮೇಲೆ ತೋಳನ್ನು ತಿರುವಿ ಹಾಕಿ ಎರಡೂ ಕೈಯಲ್ಲಿ ಜಗ್ಗಿದಳು. ಹೊಲಿಗೆ ಬಿಡಲಿಲ್ಲ. ಅವಳ ಮುಖದಲ್ಲಿ ಸಣ್ಣ ನಿರಾಸೆ ಕಂಡಿತು.

ಮದುವೆಯ ದಿನ ಗುರುತು ಹಿಡಿದು, "ಆವತ್ತು ಬಂದ ಹರಕು ತೋಳು ನೀನೇ ಅಲ್ವಾ?" ಎಂದೆ. ಅವಳು ಒಂದಿಷ್ಟೂ ನಾಚಲಿಲ್ಲ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ ಅತ್ತಿಗೆ" ಎಂದಳು. ಆ ತೋಳನ್ನು ಅವಳೇ ಬೇಕೆಂದು ಹರಿದಿದ್ದಳೆಂದು ಆಮೇಲೆ ಗೊತ್ತಾಯಿತು. ಅಂದಿನಿಂದ ನಮ್ಮದು ಎಣ್ಣೆ ಸೀಗೆಕಾಯಿ ಸಂಬಂಧ.

ಅವಳಿಗೆ ಎಲ್ಲದರ ಮೇಲೂ ಅನುಮಾನ. ಬೀಗ ಹಾಕಿ ಬೀದಿಯ ತುದಿಯವರೆಗೆ ಹೋಗಿ, ತಿರುಗಿ ಬಂದು ಬೀಗ ಜಗ್ಗುವವಳು. ಹಾಲು ಒಡೆದಿಲ್ಲ ಎಂದು ಮೂಗು ಹೇಳಿದರೆ ನಾಲಿಗೆಯನ್ನು ಕೇಳುವವಳು, ನಾಲಿಗೆಯೂ ಹೇಳಿದರೆ ಪಕ್ಕದ ಮನೆಯವರನ್ನು ಕೇಳುವವಳು. ನನ್ನ ಅಡುಗೆಮನೆಗೆ ಮೊದಲ ಸಲ ಬಂದಾಗ, ನಾನು ಆಗತಾನೇ ತೊಳೆದಿಟ್ಟ ಸೌಟನ್ನು ನನ್ನ ಕಣ್ಣೆದುರೇ ಮತ್ತೆ ತೊಳೆದಳು. ಆ ಸೌಟು ನನಗೆ ಇವತ್ತಿಗೂ ಮರೆತಿಲ್ಲ. ಇವಳಿಗೆ ಯಾಕೆ ಮದುವೆಯಾಗಲಿಲ್ಲ ಎಂದು ಯಾರಾದರೂ ಕೇಳಿದರೆ ನಮ್ಮವರು, "ಗಂಡು ಸಿಕ್ಕಿದ್ದ. ಇವಳು ಅವನ ಮುತ್ತಜ್ಜನ ತನಕ ವಿಚಾರಿಸೋ ಹೊತ್ತಿಗೆ ಅವನಿಗೆ ಬೇರೆ ಕಡೆ ಮದುವೆಯಾಗಿ ಮಕ್ಕಳೂ ಆಗಿದ್ವು" ಎಂದು ನಗುತ್ತಿದ್ದರು.

ಇಂಥವಳಿಗೆ ಹೇಳಿ ಮಾಡಿಸಿದಂಥ ಕೆಲಸ ಸಿಕ್ಕಿತು. ದೊಡ್ಡಾಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಜೀನ್ ಪರೀಕ್ಷೆ ಮಾಡುವ ಲ್ಯಾಬಿದೆ, ಅಲ್ಲಿ ಟೆಕ್ನಿಷಿಯನ್. ಅಲ್ಲಿಯವರು ಅವಳಿಗೆ ಇಟ್ಟ ಹೆಸರು ಅನುಮಾನಮ್ಮ. ಎದುರಿಗೇ ಹಾಗೆ ಕರೆಯುತ್ತಿದ್ದರು, ಅವಳು ಓಗೊಡುತ್ತಿದ್ದಳು.

ಒಮ್ಮೆ ಊಟದ ಡಬ್ಬಿ ಕೊಡಲು ಹೋದಾಗ ಗಾಜಿನಾಚೆ ನಿಂತು ಅವಳ ಕೆಲಸ ನೋಡಿದ್ದೇನೆ. ಒಂದರ ಹಿಂದೆ ಒಂದು ಮೂರು ಕೋಣೆ. ಮೊದಲನೆಯದರಲ್ಲಿ ರಕ್ತದಿಂದ ಡಿಎನ್‌ಎ ಬೇರೆ ಮಾಡುತ್ತಾರೆ, ಎರಡನೆಯದರಲ್ಲಿ ಅದನ್ನು ಯಂತ್ರಕ್ಕಿಟ್ಟು ಕೋಟಿಗಟ್ಟಲೆ ನಕಲು ತೆಗೆಯುತ್ತಾರೆ, ಮೂರನೆಯದರಲ್ಲಿ ಇನ್ನೊಂದು ಯಂತ್ರ ಆ ನಕಲನ್ನು ಅಕ್ಷರ ಅಕ್ಷರವಾಗಿ ಓದುತ್ತದೆ. ಮುಂದಿನ ಕೋಣೆಗೆ ಹೋದವರು ಅಂದು ಹಿಂದಿನ ಕೋಣೆಗೆ ಕಾಲಿಡುವಂತಿಲ್ಲ. ಹೋದರೆ ಬಟ್ಟೆಗೋ ಕೂದಲಿಗೋ ನಕಲು ಅಂಟಿಕೊಂಡು ಬಂದು ಒಬ್ಬರ ರೋಗ ಇನ್ನೊಬ್ಬರ ತಲೆಗೆ ಕಟ್ಟುತ್ತದಂತೆ. ಪ್ರತಿ ಸಲವೂ ರಕ್ತದ ಟ್ಯೂಬುಗಳ ಜೊತೆ ಬರೀ ನೀರು ತುಂಬಿದ ಒಂದು ಟ್ಯೂಬನ್ನೂ ಇಡುತ್ತಾರೆ.

"ನೀರಿಗೇನು ಕಾಯಿಲೆ?" ಎಂದು ಕೇಳಿದೆ.

"ನೀರಲ್ಲಿ ಏನೂ ಕಾಣಬಾರದು ಅತ್ತಿಗೆ. ಏನಾದರೂ ಕಂಡರೆ ನಮ್ಮಲ್ಲೇ ಯಾರೋ ಎಡವಟ್ಟು ಮಾಡಿದಾರೆ ಅಂತ ಅರ್ಥ."

ನೀರು ನೀರೇ ಹೌದೋ ಅಲ್ಲವೋ ಎಂದು ನೋಡುವುದಕ್ಕೆ ಸಂಬಳ ಕೊಡುವ ಜಾಗ ಅದು. ಅಲ್ಲಿ ಇವಳು ಮೀನಿನ ಹಾಗೆ ಸುಖವಾಗಿದ್ದಳು.

ಆದರೆ ಅತ್ತೆ ತೀರಿಕೊಂಡ ದಿನ ಇದೇ ಗುಣ ಮನೆ ಒಡೆಯಿತು. ಕೊನೆಗಾಲದಲ್ಲಿ ಅತ್ತೆಗೆ ಮಾತ್ರೆ ಕೊಡುತ್ತಿದ್ದವರು ನಮ್ಮವರು. ದಿನವಿಡೀ ಬಸ್ ಓಡಿಸಿ ಬಂದು, ಕೈಕಾಲು ತೊಳೆದು, ತಾಯಿಯ ತಲೆಯನ್ನು ತೋಳಿನ ಮೇಲಿಟ್ಟುಕೊಂಡು ತಾವೇ ನುಂಗಿಸುತ್ತಿದ್ದರು. ಹೆಣ ಇನ್ನೂ ಮನೆಯಲ್ಲಿದ್ದಾಗಲೇ ಇವಳು ಅಣ್ಣನ ಹತ್ತಿರ ಬಂದು, "ನಿನ್ನೆ ರಾತ್ರಿ ಯಾವ ಮಾತ್ರೆ ಕೊಟ್ಟೆ? ತೋರಿಸು" ಎಂದಳು. ನೆಂಟರೆಲ್ಲ ಅಲ್ಲೇ ಇದ್ದರು. ಇವರು ಒಳಗೆ ಹೋಗಿ ಮಾತ್ರೆಯ ಪೊಟ್ಟಣ ತಂದು ಅವಳ ಮಡಿಲಿಗೆಸೆದರು. ಅವಳು ತಿರುಗಿಸಿ ಓದಿ, "ಸರಿ ಇದೆ" ಎಂದಳು. ಬೈದಿದ್ದರೆ ಇವರು ಮರೆಯುತ್ತಿದ್ದರೇನೋ. ಸರಿ ಇದೆ ಎಂದದ್ದನ್ನು ಮಾತ್ರ ಮರೆಯಲಿಲ್ಲ. ಅಣ್ಣ ತಂಗಿಗೆ ಮಾತು ನಿಂತಿತು. ಹಬ್ಬಕ್ಕೋ ಹರಿದಿನಕ್ಕೋ ಅವಳು ಬಂದರೆ ಇವರು ಹಿತ್ತಲಿಗೆ ಹೋಗಿ ನಿಲ್ಲುವರು.

ಹೀಗಿರುವಾಗ ಇವರಿಗೆ ಕಾಯಿಲೆ ಬಂತು. ಮೊದಲು ಸುಸ್ತು, ಆಮೇಲೆ ಜ್ವರ, ಆಮೇಲೆ ತೊಡೆಯ ಮೇಲೆ ಕಾರಣವಿಲ್ಲದ ನೀಲಿ ಕಲೆಗಳು. ರಕ್ತದ ಕ್ಯಾನ್ಸರ್ ಎಂದರು. ಮದ್ದು ಕೊಟ್ಟರು, ಇಳಿಯಿತು, ಮತ್ತೆ ಏರಿತು. ರಕ್ತದ ಡಾಕ್ಟರು ನನ್ನನ್ನು ಕೂರಿಸಿಕೊಂಡು, ಮೂಳೆಯೊಳಗೆ ರಕ್ತ ತಯಾರಾಗುವ ಜಾಗವೇ ಕೆಟ್ಟಿದೆ, ಅದನ್ನು ಸುಟ್ಟು ತೆಗೆದು ಬೇರೆಯವರ ಜೀವಕಣ ನೆಡಬೇಕು, ಉಳಿಯಬೇಕೆಂದರೆ ಅದೊಂದೇ ದಾರಿ ಎಂದರು. ಕೊಡುವವರ ಜೀನು ಹೊಂದಬೇಕು. ತಾಯಿಯ ಎರಡು ಥಾನಿನಲ್ಲಿ ಒಂದು, ತಂದೆಯ ಎರಡು ಥಾನಿನಲ್ಲಿ ಒಂದು, ಹೀಗೆ ಎರಡು ತುಂಡು ಪ್ರತಿ ಮಗುವಿಗೂ ಬಂದಿರುತ್ತದೆ. ಅಣ್ಣ ತಂಗಿಗೆ ಎರಡೂ ತುಂಡು ಒಂದೇ ಆಗಿ ಬರುವುದು ನಾಲ್ಕರಲ್ಲಿ ಒಂದು ಸಲ. ಬಟ್ಟೆಯ ಥಾನು, ತುಂಡು ಎಂಬುದು ನನ್ನ ಹೊಲಿಗೆಯ ಮಾತು, ಡಾಕ್ಟರದ್ದಲ್ಲ. ಮಕ್ಕಳಿಲ್ಲದ ಮನೆ ನಮ್ಮದು. ಒಡಹುಟ್ಟಿದವಳು ಅವಳೊಬ್ಬಳೇ.

ನಾನೇ ಹೋಗಿ ಕೇಳಿದೆ. ಅವಳು ಹೂಂ ಎಂದಳು. ಆದರೆ ಆ ಹೂಂ ಬರುವ ಮುಂಚೆ ಅವಳು ತೋಳು ಮಡಚಿ ಎದೆಗೊತ್ತಿಕೊಂಡದ್ದನ್ನು ನಾನು ನೋಡಿದೆ. ದಿನವಿಡೀ ಊರವರ ರಕ್ತದ ಜೊತೆ ಇರುವವಳಿಗೆ ತನ್ನ ರಕ್ತ ಕಂಡರೆ ಮೂರ್ಛೆ ಬರುತ್ತದೆ. ಶಾಲೆಯಲ್ಲಿ ಸೂಜಿ ಚುಚ್ಚುವ ದಿನ ಇವಳನ್ನು ಅಣ್ಣನೇ ಹೆಗಲ ಮೇಲೆ ಹೊತ್ತು ಮನೆಗೆ ತರುತ್ತಿದ್ದರಂತೆ. ಇದನ್ನು ನಾನು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಪರೀಕ್ಷೆ ಅವರ ಲ್ಯಾಬಿನಲ್ಲೇ ನಡೆಯಿತು. ಮನೆಯವರ ರಕ್ತವನ್ನು ಮನೆಯವರು ಮುಟ್ಟಬಾರದೆಂಬ ನಿಯಮ ಅಲ್ಲಿದೆ. ಅದಕ್ಕೇ ಜೊತೆಯ ಟೆಕ್ನಿಷಿಯನ್ ಒಬ್ಬ ಕೆಲಸ ವಹಿಸಿಕೊಂಡ. ದಪ್ಪ ಗಾಜಿನ ಕನ್ನಡಕದವನು, ಎಲ್ಲರೂ ಕನ್ನಡಕ ಎಂದೇ ಕರೆಯುವುದು. ಒಳ್ಳೆಯ ಮನುಷ್ಯ. ಇಂಥದಕ್ಕೆ ಒಳ್ಳೆಯತನ ಒಳ್ಳೆಯದಲ್ಲ ಎಂದು ನನಗೆ ಆಗ ಗೊತ್ತಿರಲಿಲ್ಲ.

ಫಲಿತಾಂಶ ಬಂದ ದಿನ ನಾದಿನಿ ಕಾಗದ ಹಿಡಿದುಕೊಂಡು ಓಡಿಯೇ ಬಂದಳು. ಪೂರ್ತಿ ಹೊಂದಿದೆ, ಒಂದಕ್ಷರವೂ ವ್ಯತ್ಯಾಸವಿಲ್ಲ ಎಂದಳು. ನಾನು ಮಷಿನ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅವಳೂ ಅತ್ತಳು. ನಾವಿಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು, ಅತ್ತೆ ಸತ್ತಾಗಲೂ ಬೇರೆ ಬೇರೆ ಮೂಲೆಯಲ್ಲಿ ಅತ್ತಿದ್ದೆವು. ಸಂಜೆ ಡಾಕ್ಟರ ಹತ್ತಿರ ಹೋದೆವು. "ಸಾಮಾನ್ಯವಾಗಿ ಹೊಸ ರಕ್ತ ತಗೊಂಡು ಎರಡನೇ ಸಲ ನೋಡ್ತೀವಿ. ಆದರೆ ಇವರ ಸ್ಥಿತಿ ನೋಡಿದರೆ ಒಂದೊಂದು ದಿನಾನೂ ಮುಖ್ಯ. ನಿಮ್ಮದೇ ಲ್ಯಾಬು, ಏನಂತೀರಮ್ಮ?" ಎಂದು ಅವಳನ್ನೇ ಕೇಳಿದರು.

"ಬೇಡ ಸರ್. ಸರಿ ಇದೆ" ಎಂದಳು.

ಸೋಮವಾರ ಆಸ್ಪತ್ರೆಗೆ ಸೇರಿಸುವುದೆಂದು ನಿಗದಿಯಾಯಿತು. ನಾನು ಇವರಿಗೆ ಹತ್ತಿಯ ಸಡಿಲ ಅಂಗಿಗಳನ್ನು ಕತ್ತರಿಸಿದೆ, ಮುಂದುಗಡೆ ಗುಂಡಿಯ ಬದಲು ಕಟ್ಟುವ ದಾರವಿಟ್ಟು. ವಿಷಯ ತಿಳಿಸಿದಾಗ ಇವರು ಗೋಡೆ ನೋಡುತ್ತಾ, "ಕೊಡ್ತಾಳಂತಾ?" ಎಂದರು, ಅಷ್ಟೇ.

ಶುಕ್ರವಾರ ಮಧ್ಯಾಹ್ನ ಅಂಗಿಗಳಿಗೆ ದಾರ ಹಚ್ಚುತ್ತಿದ್ದೆ, ನಾದಿನಿ ಬಂದು ಅಂಗಡಿಯ ಬಾಗಿಲಲ್ಲಿ ನಿಂತಳು. ಮುಖ ಬಿಳುಚಿಕೊಂಡಿತ್ತು.

"ಅತ್ತಿಗೆ, ಆ ರಿಪೋರ್ಟನ್ನ ನಂಬಬೇಡಿ. ಇನ್ನೊಂದ್ಸಲ ಮಾಡಿಸಬೇಕು."

ನನ್ನ ಕೈಯ ಸೂಜಿ ನಿಂತಿತು. "ಏನೇ ಹಾಗಂದ್ರೆ?"

"ಟೀ ಕುಡೀವಾಗ ಕನ್ನಡಕ ಹೇಳ್ದ. 'ಬೇಗ ಆಗ್ಲಿ ಅಂತ ಅಣ್ಣ ತಂಗಿ ಟ್ಯೂಬುಗಳನ್ನ ಒಂದೇ ತಟ್ಟೇಲಿ ಪಕ್ಕಪಕ್ಕ ಕೂರಿಸ್ಬಿಟ್ಟೆ' ಅಂತ. ಖುಷೀಲಿ ಹೇಳ್ದ. ಕೊಡೋರದ್ದು ತಗೊಳ್ಳೋರದ್ದು ಒಂದೇ ದಿನ ಒಂದೇ ತಟ್ಟೇಲಿ ಯಾವತ್ತೂ ಇಡಬಾರದು ಅತ್ತಿಗೆ. ಕೈ ತಪ್ಪಿ ನನ್ನ ಟ್ಯೂಬಿಂದಾನೇ ಎರಡು ಸಲ ತೆಗೆದಿದ್ರೆ? ಆಗ ನನ್ನದಕ್ಕೆ ನನ್ನದೇ ಹೊಂದಿರುತ್ತೆ. ಹೊಂದದೆ ಏನಾಗುತ್ತೆ?"

"ಆ ನೀರಿನ ಟ್ಯೂಬು? ಅದರಲ್ಲೇನಾದರೂ ಬಂತಾ?"

"ಇಲ್ಲ. ನೀರು ಶುದ್ಧವಾಗಿದೆ. ಆದರೆ ಈ ತಪ್ಪು ನೀರಲ್ಲಿ ಕಾಣೋದಲ್ಲ."

ನನಗೆ ಸಿಟ್ಟು ಬಂತು. ಮೊನ್ನೆ ಡಾಕ್ಟರ ಮುಂದೆ ಬೇಡ ಎಂದವಳು ಇವಳೇ. ಸೋಮವಾರ ಹತ್ತಿರ ಬಂದ ಹಾಗೆ ಅನುಮಾನ ಹುಟ್ಟಿತೇ? "ಸೂಜಿ ಅಂದ್ರೆ ಭಯ ಅಂತ ನೇರವಾಗಿ ಹೇಳು. ಲ್ಯಾಬಿನ ಕಥೆ ಯಾಕೆ ಕಟ್ತೀಯಾ?" ಎಂದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಅವಳ ಕೈ ತನ್ನ ಮೊಣಕೈಯ ಒಳಭಾಗಕ್ಕೆ, ಸೂಜಿ ಚುಚ್ಚುವ ಜಾಗಕ್ಕೇ ಹೋಯಿತು. ಅದನ್ನು ನೋಡಿ ನನ್ನ ನಾಲಿಗೆಗೆ ಲಂಗುಲಗಾಮು ಇಲ್ಲದಂತಾಯಿತು.

"ಅಮ್ಮನ್ನ ಕೊಂದ ಅಂತ ಅಣ್ಣನ ಮೇಲೆ ಹಾಕಿದ್ದಾಯ್ತು. ಈಗ ಅವರೂ ಹೋಗ್ಲಿ ಅಂತಾನಾ?"

ಆಗಲೂ ಅವಳು ಅಳಲಿಲ್ಲ. "ನನ್ನನ್ನ ನಂಬಬೇಡಿ ಅತ್ತಿಗೆ. ನಮ್ಮ ಲ್ಯಾಬನ್ನೂ ನಂಬಬೇಡಿ. ಬೇರೆ ಕಡೆ ಮಾಡಿಸಿ, ನೀವೇ ನಿಂತು ಮಾಡಿಸಿ" ಎಂದು ಹೊರಟುಹೋದಳು.

ಅವಳು ಅದಾಗಲೇ ಡಾಕ್ಟರಿಗೆ ಹೇಳಿಯೂ ಆಗಿತ್ತು. ಸೋಮವಾರದ ಹಾಸಿಗೆ ರದ್ದಾಯಿತು. ಲ್ಯಾಬಿನ ದೊಡ್ಡ ಮೇಡಂ ನನ್ನನ್ನು ಕಂಡಾಗ, ಎಲ್ಲ ಸರಿಯಾಗೇ ನಡೆದಿತ್ತು, ಇವಳದು ಗೊತ್ತಲ್ಲ, ಅನುಮಾನದ ಪಿಶಾಚಿ ಎಂದು ಕೈ ಚೆಲ್ಲಿದರು. ಕನ್ನಡಕ ಅವಳ ಜೊತೆ ಮಾತು ಬಿಟ್ಟ. ಅವನ ಹೆಂಡತಿ ನನ್ನ ಗಿರಾಕಿ. ಅವಳು ಬಂದು, ನಿಮ್ಮ ನಾದಿನಿಗೆ ಕೊಡೋ ಮನಸ್ಸಿಲ್ಲ, ನಮ್ಮೆಜಮಾನರ ಮೇಲೆ ಗೂಬೆ ಕೂರಿಸ್ತಿದಾಳೆ ಎಂದಳು. ನಾನು ಅಲ್ಲವೆನ್ನಲಿಲ್ಲ. ಇತ್ತ ಇವರಿಗೆ ಮತ್ತೆ ಜ್ವರ ಬಂತು. ಆ ಜ್ವರದ ಒಂದೊಂದು ಡಿಗ್ರಿಯನ್ನೂ ನಾನು ನಾದಿನಿಯ ಲೆಕ್ಕಕ್ಕೆ ಬರೆದೆ.

ಹೊಸ ರಕ್ತ ತೆಗೆಸಿದೆವು. ಇವರದ್ದು ಒಂದು ದಿನ, ಅವಳದ್ದು ಮರುದಿನ. ಅವಳ ರಕ್ತ ತೆಗೆಯುವಾಗ ನಾನು ಅಲ್ಲೇ ನಿಂತು ನೋಡಿದೆ. ಅವಳು ಕಣ್ಣು ಮುಚ್ಚಿ ಹಲ್ಲು ಕಚ್ಚಿಕೊಂಡಿದ್ದಳು, ತುಟಿ ಬೆಳ್ಳಗಾಗಿತ್ತು, ಬೀಳಲಿಲ್ಲ. ಪಕ್ಕದ ಊರಿನ ಲ್ಯಾಬಿಗೆ ಆಸ್ಪತ್ರೆಯವರೇ ಕಳಿಸುತ್ತೇವೆ ಎಂದರು. ನಾನು ಒಪ್ಪಲಿಲ್ಲ. ಯಾರನ್ನು ನಂಬುವುದು? ದಪ್ಪ ಬಟ್ಟೆಯ ಎರಡು ಚೀಲ ಮಾಡಿಕೊಂಡು ಹೋಗಿದ್ದೆ. ಒಂದೊಂದರಲ್ಲಿ ಒಬ್ಬೊಬ್ಬರ ಟ್ಯೂಬಿಟ್ಟು, ಎಲ್ಲರೆದುರೇ ಬಾಯನ್ನು ಕೈಹೊಲಿಗೆಯಲ್ಲಿ ಹೊಲಿದೆ. ಯಾರಾದರೂ ಬಿಚ್ಚಿ ಮತ್ತೆ ಹೊಲಿದರೆ ನನಗೆ ಗೊತ್ತಾಗದೇ ಇರುವುದಿಲ್ಲ. ನರ್ಸುಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾದಿನಿ ನಗಲಿಲ್ಲ. ಚೀಲ ತೆಗೆದುಕೊಂಡು ಎರಡೂ ಕೈಯಲ್ಲಿ ಜಗ್ಗಿ ನೋಡಿ, "ಗಟ್ಟಿ ಇದೆ" ಎಂದಳು.

ನಾನೇ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದೆ. ಅಲ್ಲಿ ಚೀಲ ಬಿಚ್ಚಲು ಕತ್ತರಿಯೇ ಬೇಕಾಯಿತು. ಎರಡು ಟ್ಯೂಬನ್ನೂ ಬೇರೆ ಬೇರೆ ದಿನ ಹಾಕಿ ಎಂದು ನಾನು ಹೇಳಿದರೆ ಅಲ್ಲಿಯವನು, "ನೀವೂ ಇದೇ ಕೆಲಸದಲ್ಲಿದೀರಾ?" ಎಂದು ಕೇಳಿದ. ಇಲ್ಲಪ್ಪ, ಹೊಲಿಗೆ ಎಂದೆ.

ಉತ್ತರ ನೇರವಾಗಿ ಡಾಕ್ಟರಿಗೆ ಹೋಯಿತು. ನಮ್ಮಿಬ್ಬರನ್ನೂ ಕರೆಸಿದರು. ನಾನು ಒಂದು ಕುರ್ಚಿಯಲ್ಲಿ, ಅವಳು ಇನ್ನೊಂದರಲ್ಲಿ, ಮಧ್ಯೆ ಖಾಲಿ ಕುರ್ಚಿ.

"ಅರ್ಧ ಮಾತ್ರ ಹೊಂದಿದೆ. ಅಪ್ಪ ಅಮ್ಮನ ಪೈಕಿ ಒಂದು ಕಡೆಯದು ಒಂದೇ, ಇನ್ನೊಂದು ಕಡೆಯದು ಬೇರೆ. ಮೊದಲನೇ ಸಲ ಇಬ್ಬರ ಹೆಸರಿಗೂ ತಂಗಿಯ ಡಿಎನ್‌ಎನೇ ಓದಿದಾರೆ" ಎಂದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡು ಕೂತೆ. ಡಾಕ್ಟರು ನೀರು ಕುಡಿದು ಮುಂದುವರಿಸಿದರು. ಅರ್ಧ ಹೊಂದಿದವರದ್ದನ್ನೂ ನೆಡುತ್ತಾರೆ, ಅಪಾಯ ಹೆಚ್ಚು, ಕೊಡುವ ಮದ್ದೇ ಬೇರೆ. "ಪೂರ್ತಿ ಹೊಂದಿದೆ ಅಂತ ನಂಬಿ ಆ ಮದ್ದು ಕೊಡದೆ ನೆಟ್ಟಿದ್ರೆ, ತಂಗಿಯ ಕಣಗಳು ಅಣ್ಣನ ಮೈಯನ್ನೇ ಶತ್ರು ಅಂದ್ಕೊಂಡು ತಿಂದುಹಾಕ್ತಿದ್ವು. ನಾನೂ ಎರಡನೇ ಸಲ ನೋಡಲೇಬೇಕಿತ್ತು" ಎಂದರು.

ನಾನು ನಾದಿನಿಯ ಮುಖ ನೋಡಿದೆ. ತಾನು ಹೇಳಿದ್ದೇ ನಿಜವಾಯಿತೆಂಬ ಗೆಲುವು ಅಲ್ಲಿರುತ್ತದೆ, ಇದ್ದರೆ ಕಪಾಳಕ್ಕೆ ಬಾರಿಸಬೇಕು ಎಂದೇ ನೋಡಿದೆ. ಇರಲಿಲ್ಲ. ಇಷ್ಟಾದರೂ ನನ್ನ ಒಳಗಿನ ಅನುಮಾನ ಪೂರ್ತಿ ಸಾಯಲಿಲ್ಲ. ಅರ್ಧ ಸಾಕೆಂದಾಯಿತಲ್ಲ, ಇನ್ನು ಯಾವ ನೆಪ ತೆಗೆಯುತ್ತಾಳೋ ನೋಡೋಣ ಎಂದುಕೊಂಡೆ. ಅವಳು ಯಾವ ನೆಪವನ್ನೂ ತೆಗೆಯಲಿಲ್ಲ. ತನಗೆ ಕಣ ಹೆಚ್ಚಿಸುವ ಇಂಜೆಕ್ಷನ್ ಎಂದಿನಿಂದ ಶುರು ಎಂದು ಮಾತ್ರ ಕೇಳಿದಳು.

ಕಣ ತೆಗೆಯುವ ದಿನ ಅವಳನ್ನು ಮಲಗಿಸಿ ಎರಡೂ ತೋಳಿಗೆ ದಪ್ಪ ಸೂಜಿ ಚುಚ್ಚಿದರು. ಒಂದರಿಂದ ರಕ್ತ ಹೋಗಿ ಯಂತ್ರದೊಳಗೆ ಸುತ್ತಿ ಇನ್ನೊಂದರಿಂದ ವಾಪಸು ಬರುತ್ತದೆ. ಗಂಟೆಗಟ್ಟಲೆ ಕೈ ಅಲುಗಿಸುವಂತಿಲ್ಲ. ಪಕ್ಕದಲ್ಲಿ ಯಾರಾದರೂ ಇರಲಿ ಎಂದು ನನ್ನನ್ನು ಕೂರಿಸಿದರು. ಸ್ವಲ್ಪ ಹೊತ್ತಿಗೆ ಅವಳು, "ಅತ್ತಿಗೆ, ಮೂಗು ಕಡೀತಿದೆ" ಎಂದಳು. ಕೆರೆದೆ. "ಅಲ್ಲಲ್ಲ, ಎಡಗಡೆ" ಎಂದಳು. ಎಡಗಡೆ ಕೆರೆದೆ. "ಕೈ ತೊಳ್ಕೊಂಡಿದೀರಾ?" ಎಂದಳು. ಎದ್ದು ಹೋಗಿಬಿಡೋಣ ಅನಿಸಿತು.

ಆಗ ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ. "ತೊಳೆದ ಸೌಟನ್ನ ತೊಳೆಯೋಳು ನೀನು. ಆವತ್ತು ಡಾಕ್ಟರು ಕೇಳಿದಾಗ ಬೇಡ ಅಂತ ಹೆಂಗಂದೆ?"

ಅವಳು ಚಾವಣಿಯ ಕಡೆ ನೋಡುತ್ತಿದ್ದಳು. "ಬೇಕಾಗಿತ್ತು ಅತ್ತಿಗೆ. ಅದು ನಿಜ ಆಗಿರಬೇಕಿತ್ತು ನನಗೆ. ಅಮ್ಮನ ಮಾತ್ರೆ ಕೇಳಿ ಅಣ್ಣನ್ನ ಕಳಕೊಂಡೆ. ಈ ಸಲ ಏನೂ ಕೇಳಬಾರದು, ಸುಮ್ಮನೆ ನಂಬಬೇಕು ಅಂತ ಹಟ ಮಾಡ್ದೆ. ಜೀವಮಾನದಲ್ಲಿ ಒಂದೇ ಒಂದು ಕಾಗದ ನಂಬಿದ್ದು ನಾನು. ಕನ್ನಡಕ ಟೀ ಕುಡೀವಾಗ ಬಾಯಿ ಬಿಡದೇ ಇದ್ದಿದ್ರೆ ನನ್ನ ಕೈಯಾರೆ..."

ಕಣ್ಣೀರು ಕಿವಿಯ ಕಡೆಗೆ ಇಳಿಯಿತು, ಒರೆಸಿಕೊಳ್ಳಲು ಕೈಯಿಲ್ಲ. ನಾನೇ ಒರೆಸಿದೆ. ಅವಳ ಮೇಲೆ ನನಗೆ ಪ್ರೀತಿ ಬಂತು ಎಂದು ಹೇಳುವುದಿಲ್ಲ, ಅಷ್ಟು ಸುಲಭವಲ್ಲ. ಹೊಟ್ಟೆ ಉರಿಯಿತು, ಅವಳಿಗಾಗಿ ಉರಿಯಿತು. ಅಷ್ಟು ನಿಜ.

ಸಂಜೆ ಚೀಲದಲ್ಲಿ ಬಂದ ಆ ಕೆಂಪು ದ್ರವ ಇವರ ಮೈಗೆ ಇಳಿಯಿತು. ಆಮೇಲಿನ ದಿನಗಳನ್ನು ನಾನು ಮತ್ತೆ ಎಣಿಸಲಾರೆ. ಬಾಯಿ ಹುಣ್ಣು, ವಾಂತಿ, ಮೈಯೆಲ್ಲ ಕೆಂಪು. ನಾನು ಗಾಜಿನ ಈಚೆ, ಇವರು ಆಚೆ. ನಾದಿನಿ ದಿನವೂ ಬಂದು ನನ್ನ ಪಕ್ಕ ನಿಲ್ಲುತ್ತಿದ್ದಳು. ಇವರು ನನ್ನನ್ನು ಮಾತ್ರ ನೋಡುತ್ತಿದ್ದರು.

ಇವರನ್ನು ಮನೆಗೆ ಕರೆತಂದ ಮೇಲೆ, ನೆಟ್ಟದ್ದು ಹಿಡಿದಿದೆಯೋ ಇಲ್ಲವೋ ನೋಡಲು ಮತ್ತೆ ರಕ್ತ ತೆಗೆದರು. ರಕ್ತದಲ್ಲಿ ಯಾರ ಡಿಎನ್‌ಎ ಎಷ್ಟಿದೆ ಎಂದು ಅದೇ ಯಂತ್ರಗಳು ಅಳೆಯುತ್ತವೆ. ಇವರ ಹಳೆಯದು ಉಳಿದಿದ್ದರೆ ಕಾಯಿಲೆ ಮರಳಬಹುದು, ಇವಳದೇ ತುಂಬಿದ್ದರೆ ಗೆದ್ದಂತೆ. ಮಧ್ಯಾಹ್ನ ಫೋನು ಬಂತು. ಇವರು ಮಂಚದ ಮೇಲೆ ಒರಗಿದ್ದರು, ನಾನು ಸ್ಪೀಕರಿಗೆ ಹಾಕಿದೆ.

"ಅತ್ತಿಗೆ, ಬಂತು. ರಕ್ತ ಪೂರ್ತಿ ನನ್ನದೇ. ಅಣ್ಣಂದು ಒಂದು ಚೂರೂ ಇಲ್ಲ."

ಆಮೇಲೆ ಅತ್ತ ಕಡೆಯಿಂದ ಸದ್ದಿಲ್ಲ. ಏಕೆಂದು ನನಗೆ ಗೊತ್ತಿತ್ತು. ಅಣ್ಣನ ಹೆಸರಿನಲ್ಲಿ ಪೂರ್ತಿ ಅವಳದೇ ಬಂದದ್ದು ಹಿಂದೊಮ್ಮೆ ಸುಳ್ಳಾಗಿತ್ತು; ಈ ಸಲವೂ ಕೈ ತಪ್ಪಿ ಅವಳ ಟ್ಯೂಬನ್ನೇ ಓದಿದ್ದರೆ? ಕೇಳಬೇಕೆಂದಿದ್ದಾಳೆ, ಕೇಳಿದರೆ ಅಣ್ಣ ಮತ್ತೆ ಮುಖ ತಿರುಗಿಸುತ್ತಾನೆಂದು ಹೆದರಿ ಕೂತಿದ್ದಾಳೆ.

ಇವರು ಕೈ ಚಾಚಿ ಫೋನು ತೆಗೆದುಕೊಂಡರು.

"ಅನುಮಾನ ಇದೆಯೇನೇ?"

ಬಹಳ ಸಣ್ಣ ದನಿಯಲ್ಲಿ, "ಇದೆ ಅಣ್ಣ. ಇನ್ನೊಂದ್ಸಲ ರಕ್ತ ಬೇಕು" ಎಂದಳು.

"ಹಾಗಾದ್ರೆ ಬಾ, ಎಷ್ಟು ಬೇಕೋ ತಗೊಂಡು ಹೋಗು" ಎಂದರು ಇವರು. "ನಿನ್ನದೇ ತಾನೆ."